ಬೇಡ ಅನ್ನಲು ಕಲಿಸುವ ನಾಗಕ್ಕ

ಇನ್ನೂ ಬೆಳಕು ಹರಿದಿಲ್ಲ. ಬೈಂದೂರಿನ ಕೊರಿಯರ್ ಗೋದಾಮಿನ ಮುಂದೆ ವ್ಯಾನು ಇಳಿಸಿಹೋದ ಪಾರ್ಸೆಲ್‌ಗಳ ನಡುವೆ ನಾಗು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಒಂದೊಂದನ್ನೇ ಎತ್ತಿ ಅಂಟುಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಬಿಚ್ಚಿ ಮತ್ತೆ ಅಂಟಿಸಿದಂತೆ ಕಂಡರೆ ಪಕ್ಕಕ್ಕಿಡುತ್ತಾರೆ. "ಬಂಗ್ಡಿ ಮೀನ್ ಒತ್ತಿ ಕಂಡ್ ಅಭ್ಯಾಸ ಮಾರಾಯ್ರೆ, ಕೈ ಸುಮ್ನೆ ಇಪ್ಪುದಿಲ್ಲ" ಎಂದು ನಗುತ್ತಾರೆ.

ಹೌದು, ಯಡ್ತರೆಯ ಈ ನಾಗು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಮಂಡಿ ಸವೆದ ಮೇಲೆ ಸ್ಕೂಟರ್ ಕಲಿತು ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿದರು. ನಂಬರಿಲ್ಲದ ಮನೆಗಳೆಲ್ಲ ಬಾಯಿಪಾಠವಾಗಿರುವವರನ್ನು ಯಾರು ಬೇಡವೆಂದಾರು? ಆದರೆ ಬುಟ್ಟಿಯ ದಿನಗಳ ಮಾತೆತ್ತಿದರೆ ಸಾಕು, ಮುಖ ಅರಳುತ್ತದೆ. ಆಹಾ, ಆ ವ್ಯಾಪಾರದ ಸೊಗಸೇ ಸೊಗಸು! "ಕಿವಿರ್ ಎತ್ತಿ ಕಾಂತಿದ್ರ್, ಹಳ್ತ್ ಅಂದ್ ಬೈತಿದ್ರ್, ಕಡಿಗ್ ಮಜ್ಜಿಗಿ ಕೊಟ್ಟ್ ಕೂರ್ಸ್ತಿದ್ರ್. ಈಗ ಡಬ್ಬಿ ಕೊಡುದ್, ಹೊರಡುದ್. ಒಳಗೆಂತ ಇತ್ತ್ ಅಂದ್ ನಂಗೂ ಗೊತ್ತಿಲ್ಲ, ತಕಂಬರಿಗೂ ಗೊತ್ತಿಲ್ಲ."

ಆ ಗೊತ್ತಿಲ್ಲದ ಡಬ್ಬಿಯೇ ಕಳೆದ ಮಳೆಗಾಲದಲ್ಲಿ ಅವರ ಹೆಸರಿಗೆ ಕುತ್ತು ತಂದದ್ದು. ನಾಗು ದಿನವೂ ಮೊದಲು ಹೋಗುವುದು ಬಾಗಿ ಎಂಬ ಹಿರಿಯ ಮಹಿಳೆಯ ಮನೆಗೆ. ಬುಟ್ಟಿಯ ಕಾಲದಿಂದಲೂ ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಅಲ್ಲೇ. ಬೋಣಿಗೆ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಬಾಗಿಯ ಹಠ. ಒಂದು ದಿನ ಅವರ ಹೆಸರಿಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾದ ಪಾರ್ಸೆಲ್ ಬಂತು. ಅವರು ಏನನ್ನೂ ತರಿಸಿರಲಿಲ್ಲ. ಆದರೂ ತುಟಿಪಿಟಕ್ಕೆನ್ನದೆ ಹಣ ಕೊಟ್ಟರು. ಒಳಗಿದ್ದದ್ದು ಹರಿದ ಬಟ್ಟೆ. ಹಣ ಸಿಕ್ಕಿತು ಎಂದು ಗೊತ್ತಾದ ಮೋಸಗಾರರು ಮತ್ತೊಂದು ಕಳಿಸಿದರು, ಮಗದೊಂದು ಕಳಿಸಿದರು. ಬಾಗಿ ಎಲ್ಲವನ್ನೂ ಬಿಡಿಸಿಕೊಂಡರು!

ಕೊನೆಗೆ ಬಾಗಿಯ ಮೊಮ್ಮಗಳು ಚಂದನಾ ಗುಟ್ಟು ಬಿಟ್ಟುಕೊಟ್ಟಾಗ ನಾಗು ಅಂಗಳದಲ್ಲೇ ಕೇಳಿದರು.

"ಹೇಳುಕ್ ಎಂತ ಆಯ್ತ್ ಬಾಗಕ್ಕ ನಿಮ್ಗ್?"

"ಬೋಣಿ ಹೊತ್ತಿಗ್ ನಿನ್ನ ಬೇಡ ಅಂದ್ ಕಳ್ಸುಕ್ ಮನ್ಸ್ ಬತ್ತಾ ಹೆಣ್ಣೆ?" ಎಂದರು ಬಾಗಿ.

"ನನ್ ಮುಖ ಕಂಡೇ ಮೋಸ ಹೋದ್ರಲ್ದಾ" ಎಂದು ನಾಗು ಈಗಲೂ ಹಲುಬುತ್ತಾರೆ. ಊರೆಲ್ಲ ನಂಬಿದ ಹೆಸರು ಅವರದು. ಕಳ್ಳರ ಸರಕನ್ನು ತಾನೇ ಹೊತ್ತು ಕೊಟ್ಟೆನಲ್ಲ ಎಂಬ ಸಂಕಟ ಇನ್ನೂ ಇಳಿದಿಲ್ಲ.

ಅಂದಿನಿಂದ ಯಾವ ಮನೆಗೆ ಹೋದರೂ ಡಬ್ಬಿ ಸ್ಕೂಟರಿನಲ್ಲೇ ಇರುತ್ತದೆ, ಮಾತು ಮುಂದೆ ಹೋಗುತ್ತದೆ. "ಹ್ವಾಯ್, ಇದ್ ನೀವೇ ತರ್ಸದ್ದಾ? ಅಲ್ದಿರೆ ಬೇಡ ಅನ್ನಿ. ದುಡ್ಡೂ ಕೊಡ್ಬೇಡಿ, ಫೋನಿಗ್ ಬಂದ್ ಒಟಿಪಿಯೂ ಹೇಳ್ಬೇಡಿ." ದಾಕ್ಷಿಣ್ಯದ ಊರಿಗೆ ಈ ಪಾಠ ಸುಲಭವಲ್ಲ. ಬಾಗಿಗಂತೂ ಸುತರಾಂ ತಲೆಗೆ ಹತ್ತಿರಲಿಲ್ಲ.

ಇವತ್ತು ಅವರ ಹೆಸರಿಗೆ ಮತ್ತೊಂದು ಬಂದಿದೆ. ನಾಗು ಅಂಗಳದಲ್ಲಿ ನಿಂತು ಕೇಳುತ್ತಾರೆ. ಬಾಗಿ ಸೆರಗು ತಿರುಚುತ್ತಾರೆ, ಒಳಗೆ ನೋಡುತ್ತಾರೆ, ಕೊನೆಗೆ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಡುತ್ತಾರೆ: "ನಾನ್ ತರ್ಸಲಿಲ್ಲ. ಬೇಡ, ತಕಂಡ್ ಹೋಗ್."

ನಾಗುವಿನ ಮುಖ ಊರಗಲವಾಗುತ್ತದೆ. ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿ ಸ್ಕೂಟರ್ ಏರುತ್ತಾರೆ.

"ಎಲ್ಲರೂ ಹೀಂಗೆ ಬಾಯ್ಬಿಟ್ಟ್ ಬೇಡ ಅಂದ್ರೆ ಸಾಕ್. ಭಾರ ವಾಪಸ್ ಹೊತ್ಕಂಡ್ ಹೋಪುದ್ ನಂಗೆಂತ ಹೊಸ್ತಾ?"