ಶೇಂಗಾ ಚಟ್ನಿಯ ವಿಳಾಸ

ನನ್ನ ಬ್ಲಾಗಿನ ಪ್ರತಿ ಬರಹದ ವೆಬ್ ವಿಳಾಸವನ್ನು, ಅಂದರೆ ಲಿಂಕನ್ನು, ನಾನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತೇನೆ. ಮೊದಲು ಕನ್ನಡ ಶೀರ್ಷಿಕೆಯೇ ವಿಳಾಸವಾಗುತ್ತಿತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ಅದು ಶೇಕಡಾ ಚಿಹ್ನೆ, ಅಂಕಿಗಳ ಮಾರುದ್ದದ ಸಾಲಾಗುತ್ತಿತ್ತು. ದೌಂಡದಲ್ಲಿರುವ ತಂಗಿ ವೈರಸ್ ಎಂದುಕೊಂಡು ಅಳಿಸಿಬಿಟ್ಟಿದ್ದಳು. ಅಂದಿನಿಂದ ಇಂಗ್ಲಿಷಿನ ಚಿಕ್ಕ ಅಕ್ಷರ, ಪದಗಳ ನಡುವೆ ಅಡ್ಡಗೆರೆ. ಇಸವಿ, ತಿಂಗಳು ಯಾವುದೂ ಇಲ್ಲ.

ಹಾಗೆ ಇಟ್ಟ ಒಂದು ವಿಳಾಸ, ‘avvana-shenga-chatni’. ಮಾರ್ಕೆಟ್ ಯಾರ್ಡಿನ ಹಿಂದಿನ ನಮ್ಮ ಬಿಲ್ಡಿಂಗಿನಲ್ಲಿ, ಕೆಳಗಿನ ಮನೆಯಲ್ಲಿ ವಿಜಯಪುರದ ಒಬ್ಬರು ಖಡಕ್ ರೊಟ್ಟಿ, ಚಟ್ನಿ ಮಾಡಿ ಈ ಮರಾಠಿ ಊರಿನ ಕನ್ನಡ ಮನೆಗಳಿಗೆ ಮಾರುತ್ತಾರೆ. ನನ್ನನ್ನು ಕೇಳಿಯೇ ಚಟ್ನಿ ಪ್ಯಾಕೆಟ್ಟಿನ ಮೇಲೆ ಆ ಬರಹದ ಕ್ಯೂಆರ್ ಕೋಡ್ ಹಾಕಿಸಿದ್ದರು.

ಇತ್ತೀಚೆಗೆ ಆ ಬರಹವನ್ನು ಮತ್ತೆ ಓದಿದೆ. ಅವ್ವ ಒರಳಿನಲ್ಲಿ ಕುಟ್ಟುವುದು, ಬೆಳ್ಳುಳ್ಳಿಯ ವಾಸನೆ ಬಾಗಿಲ ತನಕ ಬರುವುದು. ಎಲ್ಲ ಅಚ್ಚುಕಟ್ಟಾಗಿತ್ತು, ಅದಕ್ಕೇ ಅನುಮಾನ ಬಂತು. ತಂಗಿಯನ್ನು ಕೇಳಿದೆ. ನಮ್ಮಲ್ಲಿ ಒರಳೇ ಇರಲಿಲ್ಲ, ಚಟ್ನಿ ಪಕ್ಕದ ಮನೆಯಿಂದ ಬರುತ್ತಿತ್ತು ಎಂದಳು. ಅವಳ ನೆನಪನ್ನೂ ನಾನು ನಂಬುವುದಿಲ್ಲ. ಆದರೂ ವಿಳಾಸದಲ್ಲಿ ‘ಅವ್ವ’ ಇರುವುದು ಬೇಡವೆನಿಸಿತು.

ಬದಲಿಸುವ ಮೊದಲು ಕೆಳಗೆ ಹೋದೆ. ಅವರು ನೆಲದ ಮೇಲೆ ಕೂತು ಪ್ಯಾಕೆಟ್ಟುಗಳಿಗೆ ಆ ಕೋಡ್ ಇರುವ ಚೀಟಿ ಅಂಟಿಸುತ್ತಿದ್ದರು. ಒಂದು ಗೃಹಪ್ರವೇಶಕ್ಕೆ ಕೊಡುವ ಮಾಲು, ಮಧ್ಯಾಹ್ನ ಹೋಗಬೇಕಿತ್ತು. ವಿಷಯ ಹೇಳಿದೆ. ಅಂಟಿಸುವುದನ್ನು ನಿಲ್ಲಿಸಿದರು.

“ಹಂಗಾದ್ರ ಇವೇನು ತೆರಿಯಂಗಿಲ್ಲೇನ್ರಿ, ಅಣ್ಣಾರ?”

ತೆರೆಯುವುದಿಲ್ಲ ಎಂದೆ. ನನ್ನದು ಪುಕ್ಕಟೆ ಬ್ಲಾಗು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸೌಲಭ್ಯ ಅದರಲ್ಲಿಲ್ಲ. ಪುಟ ಸಿಗಲಿಲ್ಲ ಎಂದು ಬರುತ್ತದೆ, ಅಷ್ಟೆ. ಪುಟ ಸಿಗದಿದ್ದರೆ ಮಂದಿ ಮಾಲೇ ಖೋಟಾ ಅಂದುಕೊಳ್ಳುತ್ತಾರೆ ಎಂದರು. ಅದು ನಮ್ಮ ಅವ್ವನ ಚಟ್ನಿ ಅಲ್ಲದೇ ಇರಬಹುದು ಎಂದು ವಿವರಿಸಲು ಹೋದೆ.

“ಯಾರವ್ವ ಅಂತ ಯಾರೂ ಕೇಳಂಗಿಲ್ರಿ. ಅವ್ವ ಅಂದ್ರ ಮಂದಿ ತಗೋತಾರ.”

ಮೇಲೆ ಬಂದೆ. ವಿಳಾಸವನ್ನು ಮುಟ್ಟಲಿಲ್ಲ. ಬರಹದ ಮೊದಲ ಸಾಲಿನಲ್ಲಿ ಮಾತ್ರ, ಈ ಚಟ್ನಿ ನಮ್ಮ ಅವ್ವ ಮಾಡಿದ್ದಲ್ಲದಿರಬಹುದು, ಒರಳಿನ ಬಗ್ಗೆಯೂ ಖಾತ್ರಿಯಿಲ್ಲ ಎಂದು ಸೇರಿಸಿದೆ.

ಸಂಜೆ ಅವರ ಫೋನು. ಮಾಲು ಮುಟ್ಟಿತು, ಗೃಹಪ್ರವೇಶದ ಮನೆಯಲ್ಲಿ ಯಾರೋ ಸ್ಕ್ಯಾನ್ ಮಾಡಿ ಓದಿದರಂತೆ. ಆ ಮೊದಲ ಸಾಲು ವ್ಯಾಪಾರಕ್ಕೆ ಚೆಂದ ಕಾಣುವುದಿಲ್ಲ, ಬೇಕಾದರೆ ತಮ್ಮ ಅವ್ವನ ಹೆಸರು ಹಾಕಿ, ಆಕೆ ಖರೇನೇ ಒರಳಿನಲ್ಲಿ ಕುಟ್ಟುತ್ತಿದ್ದರು ಎಂದರು. ಯೋಚಿಸುತ್ತೇನೆ ಎಂದೆ. ಸಾಲು ಇನ್ನೂ ಹಾಗೇ ಇದೆ.