ಊರಿನ ಕೋವಿಗಳೆಲ್ಲ ಠಾಣೆಗೆ ಹೋದ ದಿನ

ನಮ್ಮ ಅತ್ತೆಯ ಕೋವಿ ಠಾಣೆಯಲ್ಲಿ ಕೂತಿತ್ತು, ಹಂದಿಗಳು ನಮ್ಮ ಗದ್ದೆಯಲ್ಲಿ ಕೂತಿದ್ದವು. ಅರವತ್ತರ ದಶಕದ ಆ ವರ್ಷ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ನಾನು ಮದುವೆಯಾಗಿ ಕೋಣಂದೂರಿನ ಆಚೆಯ ಆ ಹಳ್ಳಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮಾವ ತೀರಿಕೊಂಡಾಗ ಅವರ ಒಂಟಿ ನಳಿಗೆಯ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ಲೈಸೆನ್ಸು ಅತ್ತೆಯ ಹೆಸರಿಗೆ ಬದಲಾಗಿ ಬಂತು, ಕೋವಿ ಬರಲಿಲ್ಲ. ನನ್ನ ಗಂಡ ಕೇಳಲು ಹೋದಾಗಲೆಲ್ಲ ದಫೇದಾರರು “ಸಾಹೇಬ್ರಿಲ್ಲ, ಮುಂದಿನ ವಾರ ಬಾ” ಅನ್ನುತ್ತಿದ್ದರು. ಸುಮ್ಮನೆಯೂ ಕಳಿಸುತ್ತಿರಲಿಲ್ಲ, ತಮ್ಮ ಮನೆಯ ಸೌದೆ ಒಡೆಸಿ ಕಳಿಸುತ್ತಿದ್ದರು. ಯಾವ ಠಾಣೆ ಎಂದು ಬರೆಯುವುದಿಲ್ಲ. ಆ ದಫೇದಾರರ ಮೊಮ್ಮಕ್ಕಳು ನೆಂಟರ ಮದುವೆಗಳಲ್ಲಿ ಈಗಲೂ ಸಿಗುತ್ತಾರೆ, ಒಳ್ಳೆಯ ಮಕ್ಕಳು.

ಇದು ನಮ್ಮೊಬ್ಬರ ಪಾಡಲ್ಲ. ಬೆಳೆ ಕಾಯಲು ಕೋವಿ ಇಟ್ಟುಕೊಂಡವರೆಲ್ಲ ವರ್ಷಕ್ಕೊಮ್ಮೆ ಅದನ್ನು ಠಾಣೆಗೆ ಒಯ್ದು ತಪಾಸಣೆ ಮಾಡಿಸಬೇಕಿತ್ತು. ಅಂದೇ ವಾಪಸು ಸಿಕ್ಕರೆ ಪುಣ್ಯ. ಅದೂ ಭತ್ತ ತೆನೆ ತುಂಬುವ ಹೊತ್ತಿಗೇ ಕರೆಯುತ್ತಿದ್ದರು!

ಒಂದು ಬೆಳಿಗ್ಗೆ ನೋಡಿದರೆ, ಕಾಡಂಚಿನ ಗದ್ದೆಯಲ್ಲಿ ಹಂದಿಗಳು ಹೊರಳಾಡಿ ಪೈರನ್ನು ಚಾಪೆಯಂತೆ ಮಲಗಿಸಿದ್ದವು. ಇನ್ನೊಂದು ಸಲ ಬಂದರೆ ವರ್ಷದ ಅಕ್ಕಿ ಹೋದಂತೆಯೇ. ಅತ್ತೆ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೇರ ಮೇಲಿನ ಮನೆಗೆ ನಡೆದರು. ಅಲ್ಲಿಯ ಯಜಮಾನರು ಅವರಿಗೆ ವರಸೆಯಲ್ಲಿ ಭಾವ, ಊರೇ ಮಾತು ಕೇಳುವ ಮನುಷ್ಯ.

“ಭಾವ, ಈ ಸಲ ತಪಾಸಣೆಗೆ ಒಬ್ಬೊಬ್ರೇ ಹೋಗದು ಬ್ಯಾಡ. ಒಬ್ಬೊಬ್ರೇ ಹೋಗದಕ್ಕೇ ಅವ್ರು ಸೌದೆ ಒಡೆಸದು. ಇಡೀ ಊರೇ ಹೋಗಾನ.”

“ಊರಿಗೆ ಊರೇ ಹೋದ್ರೆ ಅವ್ರ ಮನೆ ಸೌದೆ ಎಲ್ಲಿ ಸಾಕಾಗ್ತದೆ ಮಾರಾಯ್ತಿ!” ಎಂದು ಭಾವ ನಕ್ಕರು. ನಗುತ್ತಲೇ ಒಪ್ಪಿದರು.

ಸುದ್ದಿ ಅಕ್ಕಪಕ್ಕದ ಹಳ್ಳಿಗಳಿಗೂ ಹಬ್ಬಿತು. ಗೇಣಿಯ ವಿಷಯಕ್ಕೆ ಮುಖ ತಿರುಗಿಸಿಕೊಂಡಿದ್ದ ಒಡೆಯರೂ ಒಕ್ಕಲುಗಳೂ ಹಂದಿಯ ವಿಷಯಕ್ಕೆ ಒಂದೇ ಜಗಲಿಯಲ್ಲಿ ಕೂತರು. ಅತ್ತೆಯ ಕೋವಿ ಕೊಡಬೇಕು, ಎಲ್ಲರ ಕೋವಿಯನ್ನೂ ಅಂದೇ ನೋಡಿ ಅಂದೇ ಕೊಡಬೇಕು, ಮುಂದಿನ ವರ್ಷದಿಂದ ತಪಾಸಣೆಗೆ ಪೊಲೀಸರೇ ಊರಿಗೆ ಬರಬೇಕು ಎಂದು ತೀರ್ಮಾನವಾಯಿತು. ಇಷ್ಟೆಲ್ಲ ಯೋಚಿಸಿದವರಲ್ಲಿ ಒಬ್ಬರಿಗೂ ಒಂದು ವಿಷಯ ಹೊಳೆಯಲಿಲ್ಲ ನೋಡಿ.

ಹೊರಟೆವು. ಗಂಡಸರು ಮದುವೆಗೆ ಹೊದೆಯುವ ಜರಿ ಅಂಚಿನ ಶಲ್ಯ ಹೊದ್ದು, ಹೆಗಲ ಮೇಲೆ ಕೋವಿ ಇಟ್ಟು, ಗದ್ದೆಯಂಚಿನ ರೂಢಿಯಂತೆ ಒಬ್ಬರ ಹಿಂದೊಬ್ಬರು. ಹಿಂದೆ ಅವಲಕ್ಕಿ ಗಂಟು ಹೊತ್ತ ಹೆಂಗಸರು. ನನಗಂತೂ ದಿಬ್ಬಣಕ್ಕೆ ಹೊರಟ ಸಂಭ್ರಮ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪೇಟೆಗೆ ಕಾಲಿಟ್ಟದ್ದೇ ಅಂಗಡಿಗಳ ಹಲಗೆಗಳು ದಡದಡನೆ ಮುಚ್ಚತೊಡಗಿದವು. ಹೋಟೆಲಿನವನು ಬಾಣಲೆಯಲ್ಲಿ ಬಜ್ಜಿ ಬಿಟ್ಟು ಓಡಿದ.

“ಎಂತ ಆಯ್ತು ಈ ಊರಿಗೆ? ಯಾರಾದ್ರೂ ದೊಡ್ಡೋರು ತೀರ್ಕಂಡ್ರಾ?” ಎಂದರು ಭಾವ.

ಠಾಣೆಯ ಬಾಗಿಲಿಗೆ ಒಳಗಿನಿಂದ ಅಗಳಿ. ಕಿಟಕಿಯಿಂದ ದಫೇದಾರರು ಕೂಗಿದರು: “ದಂಗೆ ಎದ್ದು ಬಂದ್ರೇನ್ರೋ? ಗುಂಡು ಹಾರಿಸ್ತೀವಿ!”

“ಎಂತ ದಂಗೆ ಮಾರಾಯ್ರೆ! ಕೋವಿ ತಗಂಡು ಬನ್ನಿ ಅಂದಿದ್ದು ನೀವೇ ಅಲ್ದಾ?” ಎಂದರು ಭಾವ.

ಆಗ ನಾವು ತಿರುಗಿ ನಮ್ಮನ್ನೇ ನೋಡಿಕೊಂಡೆವು. ಬೀದಿಯುದ್ದಕ್ಕೂ ಕೋವಿ! ಯಾರೋ ಕಿಸಕ್ಕೆಂದರು. ಕಿಟಕಿಯಲ್ಲಿ ಬಂದೂಕಿನ ಮೂತಿ ಕಂಡಿತು, ನಗು ನಿಂತಿತು. ಮುಂದಿನ ಸಾಲಿನಲ್ಲಿ ನನ್ನ ಗಂಡ.

“ಎಲ್ರೂ ಕೋವಿ ನೆಲಕ್ಕಿಡಿ, ದೂರ ಹೋಗಿ ಕೂತ್ಕಳಿ,” ಎಂದರು ಭಾವ. ಇಟ್ಟರು, ಕೂತರು. ಬಾಗಿಲು ಅಲುಗಲಿಲ್ಲ. ಇಟ್ಟವರು ಮತ್ತೆ ಎತ್ತಿಕೊಳ್ಳಬಹುದಲ್ಲ!

ಅಷ್ಟು ಲೈಸೆನ್ಸುದಾರರಲ್ಲಿ ಬರಿಗೈಲಿ ಬಂದಿದ್ದವರು ಒಬ್ಬರೇ.

“ನಂದು ಒಳಗೇ ಅದೆ. ನಾ ಹೋಗ್ತೀನಿ,” ಎಂದು ಅತ್ತೆ ನನ್ನ ಕೈ ಹಿಡಿದೆಳೆದರು. ಮೆಟ್ಟಿಲ ಮೇಲೆ ನಿಂತು ಎರಡೂ ಅಂಗೈ ತೋರಿಸಿದರು. ಅಗಳಿ ಸರಿಯಿತು. ಎದುರಿಗೆ ಸಬ್ ಇನ್ಸ್‌ಪೆಕ್ಟರು, ಮೈಸೂರು ಕಡೆಯಿಂದ ಹೊಸದಾಗಿ ಬಂದ ಹುಡುಗ ಮೋರೆಯವರು. ಹಣೆಯಲ್ಲಿ ಬೆವರು.

ಅತ್ತೆ ಗದ್ದೆ, ಹಂದಿ, ಸೌದೆ ಎಲ್ಲವನ್ನೂ ಹೇಳಿದರು. ಸಾಹೇಬರು ಕೋವಿ ತರಿಸಿದರು. ದಫೇದಾರರು ಅದನ್ನು ತರಲು ಬಹಳ ಹೊತ್ತು ಮಾಡಿದರು. ಅತ್ತೆ ನಳಿಗೆಗೆ ಮೂಗಿಟ್ಟರು.

“ಸ್ವಾಮಿ, ನಮ್ಮನೆಯವ್ರು ಹೋದ್ಮೇಲೆ ನಾವ್ಯಾರೂ ಇದ್ರಲ್ಲಿ ಈಡು ಹಾರಿಸಿಲ್ಲ. ಮದ್ದಿನ ಮಸಿ ವಾಸನೆ ಹಸಿಹಸಿ ಬರ್ತದೆ. ನೀವೇ ನೋಡಿ.”

ಸಾಹೇಬರೂ ಮೂಸಿದರು. ದಫೇದಾರರು ಹೆಂಚು ನೋಡುತ್ತ ನಿಂತರು.

“ಶಿಕಾರಿ ಆಯ್ತಾ?” ಅತ್ತೆ ಅವರನ್ನೇ ಮೆಲ್ಲಗೆ ಕೇಳಿದರು. “ಹೋಗ್ಲಿ, ನಮ್ಮ ಗದ್ದೆ ಹಂದಿನಾದ್ರೂ ಹೊಡೀಬಾರ್ದಿತ್ತಾ ಅಪ್ಪ?”

ಸಾಹೇಬರು ತಡೆಯಲಾರದೆ ನಕ್ಕುಬಿಟ್ಟರು. ಆಮೇಲೆ ದಫೇದಾರರ ಕಡೆ ತಿರುಗಿದಾಗ ಆ ನಗು ಇರಲಿಲ್ಲ.

ಮೇಜು ಅಂಗಳಕ್ಕೆ ಬಂತು. ಹೊತ್ತು ಇಳಿಯುವ ಮೊದಲೇ ಎಲ್ಲ ಕೋವಿಗಳ ತಪಾಸಣೆ ಮುಗಿದು ಒಂದೂ ಒಳಗೆ ಉಳಿಯಲಿಲ್ಲ. ಮುಂದಿನ ವರ್ಷದಿಂದ ತಾವೇ ಊರಿಗೆ ಬರುವುದಾಗಿ ಸಾಹೇಬರು ಎಲ್ಲರೆದುರು ಹೇಳಿದರು.

“ಬನ್ನಿ ಸ್ವಾಮಿ, ಕಾಫಿ ಕೊಡ್ತೀವಿ. ಸೌದೆ ನಾವೇ ಒಡೆದಿಟ್ಟಿರ್ತೀವಿ,” ಎಂದರು ಭಾವ.

ಮರುವರ್ಷ ಸಾಹೇಬರು ಬಂದರು ಕೂಡ. ಹೊಸನಗರ, ಸಾಗರದ ಕಡೆಯವರು ‘ನೀವು ಹೆಂಗೆ ಮಾಡಿದ್ರಿ’ ಎಂದು ಕೇಳಿಕೊಂಡು ಬಂದಾಗ ಅತ್ತೆ ಹೇಳುತ್ತಿದ್ದದ್ದು ಇಷ್ಟೇ: “ಎಲ್ರೂ ಒಟ್ಟಿಗೆ ಹೋಗಿ. ಹೆಂಗಸ್ರು ಮುಂದೆ ಇರ್ಲಿ, ಕೋವಿ ಹಿಂದೆ ಬರ್ಲಿ.”

ಕೋವಿ ಸಿಕ್ಕ ಆ ಸಂಜೆ ದಾರಿಯುದ್ದಕ್ಕೂ ಅತ್ತೆ ಕೋವಿಯನ್ನು ಮಗನ ಕೈಗೂ ಕೊಡಲಿಲ್ಲ. ಮನೆಗೆ ಬಂದವರು ಮಸಿ ಡಬ್ಬಿ ತೆಗೆದುಕೊಂಡು, ಪಟ್ಟೆ ಸೀರೆಯಲ್ಲೇ ಕಾಡಂಚಿನ ಗದ್ದೆಗೆ ನಡೆದರು. ಮಸಿ ತುಂಬಿ, ಆಕಾಶಕ್ಕೆ ಒಂದು ಈಡು. ಢಂ! ಪೊದೆಯೊಳಗೆ ಏನೋ ದಡಬಡನೆ ಓಡಿತು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯಿಂದ ಒಂದು ಈಡು ಕೇಳಿಸಿತು. ಆಮೇಲೆ ಹಳ್ಳದಾಚೆಯಿಂದ, ಆಮೇಲೆ ಗುಡ್ಡದ ಹಿಂದಿನಿಂದ, ಒಂದಾದಮೇಲೊಂದು.

ಅತ್ತೆ ಕಿವಿಗೊಟ್ಟು ನಿಂತಿದ್ದರು. “ಎಲ್ರೂ ಮನೆ ಸೇರಿದ್ರು,” ಎಂದರು.