ವಿಭೂತಿ ಹಚ್ಚಿ ಆರಿಸಿದ ಹೆಡ್ಡು

ಹೋದ ವಾರ ಬೈಲಹೊಂಗಲದ ಒಂದು ಗ್ಯಾರೇಜಿನ ಮುಂದೆ, ನನ್ನ ಗಾಡಿಯ ಬ್ರೇಕು ರಿಪೇರಿಯಾಗುವುದನ್ನು ಕಾಯುತ್ತ ಕೂತಿದ್ದೆ. ಒಳಗೆ ಯಾರೋ ತಗಡಿನ ಡಬ್ಬಿಯಲ್ಲಿ ಸೀಮೆಎಣ್ಣೆ ಸುರಿದು ಬೇರಿಂಗು ತೊಳೆಯುತ್ತಿದ್ದರು. ಈಗ ಮನೆಗಳಲ್ಲಿ ಆ ವಾಸನೆಯೇ ಇಲ್ಲ. ಮೂಗಿಗೆ ಬಡಿದದ್ದೇ ತಡ, ನಾನು ಸವದತ್ತಿ ಹಾದಿಯ ಒಂದು ಗುಜರಿ ಅಂಗಳದಲ್ಲಿ, ನನ್ನ ಚಿಕ್ಕಪ್ಪನ ಹೆಂಡತಿ ಸುಶೀಲಾ ಕಾಕುವಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೆ. ವಾಸನೆ ನೆನಪನ್ನು ಎಬ್ಬಿಸುತ್ತದೆ ಅನ್ನುತ್ತಾರೆ. ನೆನಪನ್ನೇ ಎಬ್ಬಿಸುತ್ತದೋ, ನೆನಪಿನ ಹೆಸರಿನಲ್ಲಿ ನಾವು ಕಟ್ಟಿಟ್ಟುಕೊಂಡ ಕಥೆಯನ್ನೋ, ನನಗೆ ಇನ್ನೂ ಅನುಮಾನವಿದೆ. ಅನುಮಾನ ನನ್ನ ಹಳೆಯ ರೋಗ. ಧಾರವಾಡದಲ್ಲಿ ಭೌತಶಾಸ್ತ್ರ ಓದುವಾಗ ಅಂಟಿಕೊಂಡದ್ದು, ಹೋಗಲಿಲ್ಲ.

ಕಾಕು ಯರಗಟ್ಟಿಗೆ ಸೊಸೆಯಾಗಿ ಬರುವಾಗ ಅವಳ ಹಿಂದೆಯೇ ಒಂದು ಅಮೆರಿಕನ್ ಕಾರು ಬಂತು. ಅವಳ ಅಪ್ಪ ಹತ್ತಿ ವ್ಯಾಪಾರಿ. ಅವರೇ ಓಡಿಸುತ್ತಿದ್ದ ಗಾಡಿ ಅದು, ಮಗಳಿಗೂ ಅದರಲ್ಲೇ ಕಲಿಸಿದ್ದರು. ಎಂಟು ಸಿಲಿಂಡರು. ನಾಲ್ಕು ಈ ಕಡೆ, ನಾಲ್ಕು ಆ ಕಡೆ, ಕೈ ಜೋಡಿಸಿ ಬೊಗಸೆ ಅಗಲಿಸಿದ ಹಾಗೆ. ಅದರ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಅದು ಮೊದಲು ಕಿವಿಗಲ್ಲ, ಎದೆಗೂಡಿಗೆ ತಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಸವದತ್ತಿ ಏರಿನಲ್ಲಿ ಗಾಡಿ ಕುದಿಯಿತು. ಸಿಲಿಂಡರುಗಳ ಮೇಲೆ ಕೂರುವ ಎರಡು ಭಾರದ ಮುಚ್ಚಳಗಳು, ಮಿಸ್ತ್ರಿಗಳು ಹೆಡ್ಡು ಅನ್ನುವವು, ಎರಡೂ ಸೀಳಿದವು. ಹೊಸವು ಈ ದೇಶದಲ್ಲಿ ಸಿಗುವಂತಿರಲಿಲ್ಲ. ಆಗ ನಮ್ಮ ಕಡೆ ಇಂಥ ಗಾಡಿಗಳಿಗೆಲ್ಲ ಒಂದೇ ಗತಿ: ಮೂಲ ಇಂಜಿನ್ನು ಇಳಿಸಿ ಡೀಸೆಲ್ಲಿನದು ಕೂಡಿಸುವುದು. ಕಾಕಾನಿಗೂ ಅದೇ ಸರಿ ಅನ್ನಿಸಿತು. ಟ್ರ್ಯಾಕ್ಟರಿಗೆ ಜರತಾರಿ ಸೀರೆ ಉಡಿಸಿದಂಗ ಆಗತೈತಿ ಅಂದಳು ಕಾಕು. ಕಾಕಾ ನಕ್ಕ. ಆದರೆ ಮಾತು ಬದಲಿಸಲಿಲ್ಲ.

"ಹುಣ್ಣಿವಿ ತನಕಾ ಹುಡುಕು. ಜೋಡಿ ಹೆಡ್ ಸಿಕ್ಕರ ಛಲೋ. ಇಲ್ಲಾಂದ್ರ ಇಂಜಿನ್ ಇಳಸೂದ."

ಕಾಕು ಮೂರು ದಿನ ಆ ಸದ್ದಿಲ್ಲದ ಕಾರಿನೊಳಗೇ ಹೋಗಿ ಕೂತಳು. ಮೂರು ದಿನವೋ, ಒಂದು ಮಧ್ಯಾಹ್ನವೋ. ನನ್ನ ನೆನಪು ಇಂಥ ಕಡೆ ಧಾರಾಳವಾಗಿ ಉಪ್ಪು ಹಾಕುತ್ತದೆ. ಅಪ್ಪ ತೀರಿದ ಮೇಲೆ ಆ ಮನೆಯಿಂದ ಅವಳಿಗೆ ಉಳಿದ ಧ್ವನಿ ಆ ಇಂಜಿನ್ನಿನದೊಂದೇ ಎಂದು ನನಗೆ ಆಗ ಹೊಳೆದಿರಲಿಲ್ಲ.

ಕೊನೆಗೆ ಬೈಲಹೊಂಗಲದ ಮಿಸ್ತ್ರಿಯೊಬ್ಬ ದಾರಿ ತೋರಿಸಿದ. ನವಿಲುತೀರ್ಥದ ಡ್ಯಾಮು ಕಟ್ಟುವಾಗ ಕಲ್ಲು ಹೊತ್ತ ಹಳೆಯ ಲಾರಿಗಳಲ್ಲಿ ಎರಡು ಹುಸೇನಸಾಬರ ಗುಜರಿಯಲ್ಲಿವೆ, ಅವುಗಳ ಇಂಜಿನ್ನು ನಿಮ್ಮ ಕಾರಿನದೇ ಅಣ್ಣತಮ್ಮ ಅಂದ. ನಾನು ನಂಬಲಿಲ್ಲ. ಓದಿದವನು ಎಂಬ ಕಾರಣಕ್ಕೆ ಕಾಕು ನನ್ನನ್ನು ಎಬ್ಬಿಸಿಕೊಂಡು, ಪೂಜೆಗೂ ನಿಲ್ಲದೆ, ಮೊದಲ ಬಸ್ಸಿಗೇ ಹೊರಟಳು.

ಮೂರು ಹೆಡ್ಡು ಸಿಕ್ಕವು. ಮಣ್ಣು ಕೆರೆದಾಗ ಎರಕದಲ್ಲೇ ಮೂಡಿದ ಅಂಕಿ ಕಂಡಿತು. ನಮ್ಮ ಕಾರಿನ ಹೆಡ್ಡು ನೋಡಿ ನಾವು ಬರೆದುಕೊಂಡು ಹೋದದ್ದೇ. ಹತ್ತಿ ವ್ಯಾಪಾರಿಯ ಕಾರು, ಡ್ಯಾಮಿಗೆ ಕಲ್ಲು ಹೊತ್ತ ಲಾರಿ, ಎರಡೂ ಒಂದೇ ಅಚ್ಚಿನಲ್ಲಿ ಹುಟ್ಟಿ, ಸಮುದ್ರ ದಾಟಿ, ಒಂದೇ ಮಲಪ್ರಭೆಯ ದಂಡೆಗೆ ಬಂದಿದ್ದವು. ನನ್ನ ಅನುಮಾನ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿತು.

ಹುಸೇನಸಾಬರು ಒಂದೊಂದನ್ನೂ ಸರಪಳಿಗೆ ತೂಗುಹಾಕಿ ನಟ್ಟು ತಿರುಗಿಸುವ ಪಾನಾದಿಂದ ಬಡಿದರು. ಒಂದು ಒಡೆದ ಮಡಿಕೆಯ ಹಾಗೆ ಠಪ್ ಅಂದಿತು. ಉಳಿದ ಎರಡೂ ಗುಡಿಯ ಗಂಟೆಯ ಹಾಗೆ ಮೊಳಗಿದವು, ಆದರೂ ಮೂರನೆಯದರ ನಾದ ತುಸು ಬೇಗ ಆರಿತು ಅನ್ನಿಸಿತು. ಕಿವಿಯನ್ನು ನಂಬುವವನು ನಾನಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೇಲೆ ಸುಣ್ಣದ ಪುಡಿ ಬಳಿದರೆ ಬಿರುಕಿನೊಳಗೆ ಹೊಕ್ಕ ಎಣ್ಣೆ ಪುಡಿಗೆ ಏರಿ ಗೆರೆಯಾಗಿ ಕಾಣುತ್ತದೆ ಎಂದು ಭಾಷಣ ಮಾಡಿದೆ. ಅಲ್ಲಿ ಸುಣ್ಣ ಎಲ್ಲಿಂದ ಬರಬೇಕು? ಕಾಕು ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದಳು.

"ಅಕ್ಕಾರ, ದೇವರ ವಿಭೂತಿ ಕಬ್ಬಣಕ್ಕ ಹಚ್ಚತೀರೇನು?" ಅಂದರು ಹುಸೇನಸಾಬರು.

"ದಿನಾ ಹಣಿಗೆ ಹಚ್ಚೇನಿ, ನನ್ನ ಬಿರುಕು ಕಂಡಿಲ್ಲರಿ. ಇದರದ್ದರ ಕಾಣ್ಲಿ."

ಠಪ್ ಅಂದದ್ದಕ್ಕೆ ಮೊದಲು ಬಳಿದೆವು. ಬೆಳ್ಳಗಿನ ಬೂದಿಯ ಮೇಲೆ ಯಾರೂ ಎಳೆಯದ ಕಪ್ಪು ಗೆರೆ ತಾನಾಗಿ ಮೂಡಿತು, ಬೇಸಿಗೆಯ ಎರೆಹೊಲ ಬಾಯಿಬಿಟ್ಟ ಹಾಗೆ, ಕವಲೊಡೆಯುತ್ತ, ನಿಧಾನವಾಗಿ. ಅದು ಹೀಗೆಯೇ ಆಗುತ್ತದೆಂದು ಪಾಠ ಹೇಳಿದವನು ನಾನೇ. ಆದರೂ ಮೈ ಜುಮ್ಮೆಂದಿತು. ಕಾರಣ ಗೊತ್ತಿದ್ದರೆ ಬೆರಗು ಕಡಿಮೆಯಾಗಬೇಕು ಎಂದುಕೊಂಡಿದ್ದೆ, ಆಗಲಿಲ್ಲ.

ಎರಡನೆಯದು ಬೆಳ್ಳಗೇ ಉಳಿಯಿತು. ಮೂರನೆಯದರಲ್ಲಿ, ಎರಡು ವಾಲ್ವುಗಳ ನಡುವೆ, ಕೂದಲೆಳೆಯಷ್ಟು ಗೆರೆ ಬಂತು. ಬಿರುಕೋ, ಎಣ್ಣೆ ನಿಂತ ಗೀರೋ? ಬಿರುಕಾದರೆ ಜೋಡಿ ಇಲ್ಲ, ಜೋಡಿ ಇಲ್ಲದಿದ್ದರೆ ಆ ಇಂಜಿನ್ನೇ ಇಲ್ಲ. ಗೀರಿನ ಎಣ್ಣೆ ಒರೆಸಿದರೆ ಹೋಗುತ್ತದೆ, ಬಿರುಕಿನದು ಮತ್ತೆ ಏರುತ್ತದೆ, ಪ್ರಯೋಗ ಮತ್ತೊಮ್ಮೆ ಆಗಬೇಕು ಅಂದೆ. ಚೆನ್ನಾಗಿ ಒರೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ಬಳಿದು, ಕೈ ತೊಳೆಯಲು ನೀರಿನ ತೊಟ್ಟಿಗೆ ಹೋದೆ. ಬಂದು ನೋಡಿದರೆ ಬೂದಿ ಬೆಳ್ಳಗಿತ್ತು. ಗೀರು, ಬಿರುಕಲ್ಲ ಎಂದು ಘೋಷಿಸಿದೆ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡಳು.

ಹುಣ್ಣಿಮೆಗೆ ಮೊದಲೇ ಹೆಡ್ಡು ಕೂತವು. ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಾಗ ಮನೆಯೊಳಗೆ ಕಪಾಟಿನ ಪಾತ್ರೆ-ಭಾಂಡಿಗಳೆಲ್ಲ ಗುಣುಗುಟ್ಟಿದವು. ಕಾಕು ಸ್ಟೇರಿಂಗು ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಇಂಜಿನ್ನು ಇಳಿಸುವ ಮಾತನ್ನು ಕಾಕಾ ಮತ್ತೆ ಎತ್ತಲಿಲ್ಲ. ಈಗಂತೂ ಅದನ್ನು ಉಳಿಸಿದ್ದು ತಾನೇ ಎಂದು ಬಂದವರಿಗೆಲ್ಲ ಹೇಳುತ್ತಾನೆ.

ಹೋದ ವಾರ ಅವತ್ತೇ, ಬ್ರೇಕು ಸರಿಯಾದದ್ದೇ, ಮನೆಗೆ ಹೋಗದೆ ನೇರ ಯರಗಟ್ಟಿಗೆ ಹೋದೆ. ನನ್ನ ನೆನಪು ಎಷ್ಟು ಖರೆ ಎಂದು ತಾಳೆ ನೋಡಬೇಕಿತ್ತು. ಕಾಕು ಕಾಳು ಆರಿಸುತ್ತ ಎಲ್ಲ ಕೇಳಿದಳು. ಗುಜರಿಗೆ ಹೋದದ್ದು ಬಸ್ಸಿನಲ್ಲಲ್ಲ, ಹಾಲಿನ ಟೆಂಪೋದಲ್ಲಿ ಅಂದಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ನೀ ಕೈ ತೊಳಿಲಿಕ್ಕ ಹೋದಾಗ ಗೆರಿ ಮತ್ತ ಬಂದಿತ್ತೋ ತಮ್ಮಾ. ಅದರ ಮ್ಯಾಲ ಇನ್ನೊಂದ ಕೈ ವಿಭೂತಿ ತಿಕ್ಕಿದೆ."

ಬಿರುಕು ಬಿಟ್ಟ ಹೆಡ್ಡಿನ ಮೇಲೆ ಇಷ್ಟು ವರ್ಷ ಹೆಂಗ ಓಡಿಸಿದಿ ಎಂದು ಕೇಳಿದೆ.

"ಇಂಜಿನ್ ಕಾಯಗೊಡಲಿಲ್ಲ. ಮುನವಳ್ಳಿಗೆ ಹೋಗೂದರಾಗ ಎರಡು ಸಲ ನಿಲ್ಲಸ್ತಿದ್ದೆ. ಚಹಾ ಕುಡಿಲಿಕ್ಕ ನಿಲ್ಲಸ್ತಾಳ ಅಂದ್ಕೊಂಡಿದ್ರಿ ನೀವು."

ಹೌದು, ಅಂದುಕೊಂಡಿದ್ದೆವು. ರಸ್ತೆ ಬದಿಯ ಎಷ್ಟು ಚಹಾ! ಅಷ್ಟೂ ಸಲ ಅವಳೊಬ್ಬಳೇ ಆ ಗೆರೆಯನ್ನು ನೆನಪಿನಲ್ಲಿ ಇಟ್ಟುಕೊಂಡು, ಅದು ಬೆಳೆಯದ ಹಾಗೆ ಗಾಡಿ ನಡೆಸಿದ್ದಳು. ನಾನು ನನ್ನ ಪ್ರಯೋಗವನ್ನು ನೆಚ್ಚಿಕೊಂಡು ನಿಶ್ಚಿಂತನಾಗಿದ್ದೆ.

ಸಂಜೆ ನವಿಲುತೀರ್ಥದ ತನಕ ಹೋಗಿಬರೋಣ ಅಂದಳು. ಅವಳ ಕಣ್ಣು ಮೊದಲಿನಂತಿಲ್ಲ, ಆ ಕಾರಿನ ಕೀಲಿ ನನಗೆ ಕೊಟ್ಟಳು. ಎದೆಗೂಡಿನಲ್ಲಿ ಅದೇ ಸದ್ದು. ಮುನವಳ್ಳಿಗೆ ಇನ್ನೂ ಅರ್ಧ ದಾರಿ ಇರುವಾಗ, ಅವಳು ಹೇಳುವ ಮೊದಲೇ ಗಾಡಿಯನ್ನು ಬದಿಗೆ ತೆಗೆದು ಬಂದ್ ಮಾಡಿದೆ. ಇಬ್ಬರೂ ಇಳಿದೆವು. ಬಾನೆಟ್ಟಿನ ಕೆಳಗೆ ಕಬ್ಬಿಣ ಟಿಕ್ ಟಿಕ್ ಎಂದು ಆರುತ್ತಿತ್ತು. ಚಹಾ ಬೇಕೇನು ಎಂದು ಕಾಕು ಕೇಳಿದಳು. ಬೇಡ ಅಂದೆ. ಆ ಟಿಕ್ ಟಿಕ್ ಪೂರ್ತಿ ನಿಲ್ಲುವ ತನಕ ಅಲ್ಲೇ ನಿಂತೆವು.